ಜರ್ಮನಿಯಲ್ಲಿ ಮಾಸ್ಟರ್ಸ್: ಮೊದಲ ಸೆಮಿಸ್ಟರ್‌ಗೆ ಆರು ವಿಷಯ ತಗೊಳ್ಳಲಾ, ನಾಲ್ಕು ತಗೊಂಡು ಕೆಲಸ ಹುಡುಕಲಾ?

ನಾನೂ ವಿಟಿಯುನಲ್ಲಿ ಬಿ.ಇ. ಮುಗಿಸಿ ನಿಮ್ಮ ಹಾಗೇ ಆರು-ನಾಲ್ಕರ ಲೆಕ್ಕ ಹಾಕಿಕೊಂಡೇ ವಿಮಾನ ಹತ್ತಿದವನು. ಆ ಲೆಕ್ಕವೇ ತಪ್ಪು. ಎಷ್ಟು ಕ್ಲಾಸಿಗೆ ಕೂತಿರಿ ಅಂತ ಅಲ್ಲಿ ಯಾರೂ ಕೇಳಲ್ಲ. ಎಷ್ಟು ಪರೀಕ್ಷೆಗೆ ಹೆಸರು ಕೊಟ್ಟಿರಿ, ಎಷ್ಟು ಪಾಸಾದಿರಿ, ಅಷ್ಟೇ.

ನನ್ನ ಆರು ತಿಂಗಳು ಹೋಗಿದ್ದು ಇಲ್ಲೇ. ಆರೂ ವಿಷಯಕ್ಕೆ ಮೂಡಲ್‌ನಲ್ಲಿ ಸೇರಿಕೊಂಡೆ, ಅಸೈನ್‌ಮೆಂಟ್ ಕೊಟ್ಟೆ, ಪರೀಕ್ಷೆಗೂ ಹೆಸರು ಬಿತ್ತು ಅಂದುಕೊಂಡೆ. ನಮ್ಮಲ್ಲಿ ಎಕ್ಸಾಮ್ ಫಾರ್ಮ್, ಫೀ, ಕೊನೇ ದಿನ ಅಂತ ಕಾಲೇಜ್ ಆಫೀಸಿನವರೇ ಬೆನ್ನು ಹತ್ತುತ್ತಾರೆ. ಅಲ್ಲಿ ಮೂಡಲ್, ಇಲಿಯಾಸ್ ಅನ್ನೋವು ನೋಟ್ಸ್ ಸಿಗೋ ಜಾಗ ಮಾತ್ರ. ಪರೀಕ್ಷೆಗೆ ಯೂನಿವರ್ಸಿಟಿಯ ಬೇರೆ ಪೋರ್ಟಲ್‌ನಲ್ಲಿ, ಒಂದೊಂದು ವಿಷಯಕ್ಕೂ ಪ್ರತ್ಯೇಕವಾಗಿ ‘ಪ್ರೂಫುಂಗ್ಸ್‌ಆನ್‌ಮೆಲ್ಡುಂಗ್’, ಅಂದರೆ ಪರೀಕ್ಷಾ ನೋಂದಣಿ ಮಾಡಬೇಕು. ಅದು ತೆರೆದಿರೋದು ಕೆಲವೇ ವಾರ. ಎಷ್ಟೋ ಕಡೆ ಪರೀಕ್ಷೆಗೆ ತಿಂಗಳು-ಎರಡು ತಿಂಗಳು ಮುಂಚೆಯೇ ಮುಚ್ಚಿಬಿಡುತ್ತೆ. ನನಗೆ ಗೊತ್ತಾದಾಗ ಜನವರಿ. ದಂಡ ಕಟ್ಟಿ ಸೇರಿಕೊಳ್ಳೋ ದಾರಿ ಇರಲಿಲ್ಲ. ಆರರಲ್ಲಿ ಎರಡರ ಪರೀಕ್ಷೆ ವರ್ಷಕ್ಕೊಮ್ಮೆ ಮಾತ್ರ. ಥೀಸಿಸ್ ಶುರು ಮಾಡೋಕೆ 75 ಕ್ರೆಡಿಟ್ ಬೇಕಿತ್ತು, ಆ ಎರಡು ಇಲ್ಲದೆ ತುಂಬಲಿಲ್ಲ. ಕೋರ್ಸ್ ಒಂದು ಸೆಮಿಸ್ಟರ್ ಮುಂದೆ ಹೋಯಿತು. ಅಂದರೆ ಇನ್ನೂ ಆರು ತಿಂಗಳ ಖರ್ಚು. ಬ್ಲಾಕ್ಡ್ ಅಕೌಂಟ್, ಅಂದರೆ ವೀಸಾಗೆ ಮೊದಲೇ ದುಡ್ಡು ಇಟ್ಟು ತಿಂಗಳಿಗಿಷ್ಟು ಅಂತ ತೆಗೆಯೋ ಖಾತೆ, ಅದರ 2024ರ ಸೆಪ್ಟೆಂಬರ್‌ನಿಂದಿನ ಲೆಕ್ಕ ತಿಂಗಳಿಗೆ 992 ಯೂರೋ. ಆರು ತಿಂಗಳಿಗೆ 5,952.

ಹಾಗಂತ ಆರಕ್ಕೂ ನೋಂದಣಿ ಮಾಡಿಬಿಡ್ತೀನಿ ಅನ್ನಬೇಡಿ. ಹೆಸರು ಕೊಟ್ಟು ಹೋಗದಿದ್ದರೆ ಸಾಮಾನ್ಯವಾಗಿ 5.0, ಅಂದರೆ ಫೇಲ್. (ಅಲ್ಲಿ 1.0 ಎಲ್ಲಕ್ಕಿಂತ ಒಳ್ಳೇದು, 4.0 ಪಾಸಿನ ಗಡಿ.) ಒಂದು ಪರೀಕ್ಷೆಗೆ ಸಾಮಾನ್ಯವಾಗಿ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ಕೋರ್ಸಿನಿಂದಲೇ ಹೊರಗೆ; ಅದೇ ಕೋರ್ಸಿಗೆ ಬೇರೆ ಜರ್ಮನ್ ಯೂನಿವರ್ಸಿಟಿ ಸೇರೋದೂ ಕಷ್ಟ. ಬ್ಯಾಕ್ ಇಟ್ಟುಕೊಂಡು ಆಮೇಲೆ ತೆಗೆದರಾಯಿತು ಅನ್ನೋ ಅಭ್ಯಾಸವನ್ನ ಇಲ್ಲೇ ಬಿಟ್ಟು ಹೋಗಿ. ಇಂಟರ್ನಲ್ಸ್ ಕೈ ಹಿಡಿಯುತ್ತೆ ಅನ್ನೋದೂ ಬೇಡ, ಬಹಳಷ್ಟು ವಿಷಯಕ್ಕೆ ಕೊನೆಯ ಒಂದೇ ಪರೀಕ್ಷೆಯ ಅಂಕ.

ಮೊದಲ ವಾರವೇ ‘ಪ್ರೂಫುಂಗ್ಸ್‌ಓರ್ಡ್‌ನುಂಗ್’, ಅಂದರೆ ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿ, ಇಳಿಸಿಕೊಳ್ಳಿ. ಕಾನೂನಿಗೆ ನಿಲ್ಲೋದು ಸಾಮಾನ್ಯವಾಗಿ ಜರ್ಮನ್ ಪ್ರತಿ, ಇಂಗ್ಲಿಷಿನದು ಓದೋಕೆ ಮಾತ್ರ. ಎಷ್ಟು ಅವಕಾಶ, ಹೆಸರು ವಾಪಸ್ ತಗೊಳ್ಳೋಕೆ ಕೊನೇ ದಿನ ಯಾವುದು, ಥೀಸಿಸ್‌ಗೆ ಎಷ್ಟು ಕ್ರೆಡಿಟ್, ಈ ಮೂರನ್ನ ಅದರಲ್ಲಿ ಹುಡುಕಿ ಗೋಡೆಗೆ ಅಂಟಿಸಿ. ವರ್ಷಕ್ಕೊಮ್ಮೆ ಮಾತ್ರ ಬರೋ ವಿಷಯ ಯಾವುದು, ಪರೀಕ್ಷೆಗೆ ಕೂರೋಕೆ ಅಭ್ಯಾಸದ ಲೆಕ್ಕಗಳಲ್ಲಿ ಇಂತಿಷ್ಟು ಅಂಕ ಬೇಕಾ ಅನ್ನೋದು ‘ಮೋಡುಲ್‌ಹಾಂಡ್‌ಬೂಖ್’, ಅಂದರೆ ಒಂದೊಂದು ವಿಷಯದ ವಿವರ ಇರೋ ಕೈಪಿಡಿಯಲ್ಲಿ ಇರುತ್ತೆ. ನೋಂದಣಿ ಆದ ಕೂಡಲೇ ಪೋರ್ಟಲ್‌ನ ಪಿಡಿಎಫ್ ಉಳಿಸಿಕೊಳ್ಳಿ. ತಯಾರಿ ಸಾಲದ ವಿಷಯದಿಂದ ಗಡುವಿನ ಒಳಗೆ ಹೆಸರು ತೆಗೆಯಿರಿ. ಪರೀಕ್ಷೆ ಹೊತ್ತಿಗೆ ಕಾಯಿಲೆ ಬಿದ್ದರೆ ಅವತ್ತೇ ಡಾಕ್ಟರ ಸರ್ಟಿಫಿಕೇಟ್ ಮಾಡಿಸಿ, ನಾಳೆ ಅನ್ನಬೇಡಿ.

ನನ್ನ ಮಾತು ಕೇಳೋದಾದರೆ ನಾಲ್ಕೇ ವಿಷಯ, ಕೆಲಸವೂ ಬೇಡ. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಓದು. ಐದು ಕ್ರೆಡಿಟ್‌ನ ವಿಷಯಕ್ಕೆ 150 ಗಂಟೆವರೆಗೆ ಬೇಕು. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯೋ ಅನುಮತಿ ಎಲ್ಲಿಗೂ ಓಡಿಹೋಗಲ್ಲ. ಎರಡನೇ ಸೆಮಿಸ್ಟರ್‌ನಲ್ಲಿ ಸ್ವಲ್ಪ ಜರ್ಮನ್ ಬಂದ ಮೇಲೆ ಹುಡುಕಿದರೆ ಗೋಡೌನ್ ಬದಲು ನಿಮ್ಮ ಓದಿಗೆ ಹೊಂದೋ ಕೆಲಸವೇ ಸಿಗಬಹುದು.

ರೂಮಿನ ವಿಷಯದಲ್ಲಿ ಒಂದೇ ಮಾತು. ರೂಮಿಗೆ ಬಂದ ಎರಡು ವಾರದೊಳಗೆ ಅಲ್ಲಿನ ಸರ್ಕಾರಿ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರೋ ಪತ್ರ ಬೇಕು. ಅದನ್ನ ಕೊಡಲ್ಲ ಅನ್ನೋ ರೂಮನ್ನ ಎಷ್ಟೇ ಅಗ್ಗ ಇದ್ದರೂ ಹಿಡಿಯಬೇಡಿ. ಕೀ ಸಿಕ್ಕ ದಿನವೇ ಟಪಾಲು ಡಬ್ಬಿ ಮೇಲೆ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಏನಿದೆಯೋ ಅದನ್ನೇ ಬರೆಯಿರಿ, ಅಪ್ಪನ ಹೆಸರಿದ್ದರೆ ಅಪ್ಪನ ಹೆಸರು. ಪೋಸ್ಟ್‌ಮ್ಯಾನ್ ನೋಡೋದು ಅದನ್ನೇ. ಇಲ್ಲದಿದ್ದರೆ ಬ್ಯಾಂಕ್ ಕಾರ್ಡು, ಟ್ಯಾಕ್ಸ್ ನಂಬರು ಎಲ್ಲಾ ಕಳಿಸಿದವರಿಗೇ ವಾಪಸ್ ಹೋಗುತ್ತೆ.

ಇನ್ನೊಂದು: ಮುಂದಿನ ಸೆಮಿಸ್ಟರ್‌ನ ಶುಲ್ಕವನ್ನ ಈ ಸೆಮಿಸ್ಟರ್ ಮುಗಿಯೋ ಮುಂಚೆಯೇ ಕಟ್ಟಬೇಕು, ‘ರ‍್ಯೂಕ್‌ಮೆಲ್ಡುಂಗ್’ ಅಂತಾರೆ. ಕಟ್ಟದಿದ್ದರೆ ಯೂನಿವರ್ಸಿಟಿಯಿಂದ ಹೆಸರೇ ತೆಗೀತಾರೆ. ಆ ಗಡುವನ್ನೂ ಪರೀಕ್ಷಾ ನೋಂದಣಿಯ ದಿನಾಂಕದ ಪಕ್ಕದಲ್ಲೇ ಗೋಡೆಗೆ ಅಂಟಿಸಿ.