ಎಂಜಿನ್ ಬದಲಾಯಿತು, ಬಾಲ ಬದಲಾಗಲಿಲ್ಲ

ಪ್ರಶ್ನೆ: ಕಳೆದ ಸಂಚಿಕೆಯ ಕೊರಿಯಾ ಯುದ್ಧದ ಲೇಖನದಲ್ಲಿ ಸೋವಿಯತ್ ಜೆಟ್ ಯುದ್ಧವಿಮಾನಗಳ ಹೆಸರು ಮಿಗ್-15, ಮಿಗ್-15 ಬಿಸ್ ಎಂದು ಎರಡು ಬಗೆಯಾಗಿ ಬಂದಿದೆ. ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸವೇನು? ಬಿಸ್‌ಗೆ ಹೆಚ್ಚು ಶಕ್ತಿಯ ಎಂಜಿನ್ ಇದ್ದರೂ ಅದು ಅಮೆರಿಕದ ಸೇಬರ್ ಯುದ್ಧವಿಮಾನದ ಮುಂದೆ ಯಾಕೆ ತಿಣುಕಾಡಿತು?
– ಹಾಸನದ ಓದುಗರೊಬ್ಬರು

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ಇದೆ. ರೆಕ್ಕೆ, ಬಾಲ, ಒಡಲು ಎಲ್ಲ ಹೆಚ್ಚುಕಡಿಮೆ ಅವೇ. ಎರಡನೇ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

ಬ್ರಿಟನ್ ಮಾರಿದ ರೋಲ್ಸ್-ರಾಯ್ಸ್ ನೀನ್ ಎಂಜಿನ್ನನ್ನು ಸೋವಿಯತ್ ಎಂಜಿನಿಯರುಗಳು ನಕಲು ಮಾಡಿ ಆರ್‌ಡಿ-45 ಎಂದು ಹೆಸರಿಟ್ಟರು. ಮೊದಲ ಮಿಗ್-15ರಲ್ಲಿ ಇದ್ದದ್ದು ಅದೇ. ನೂಕುಬಲ 2,270 ಕೆಜಿ. ಎಂಜಿನ್ ವಿನ್ಯಾಸಕ ಕ್ಲಿಮೊವ್ ತಂಡ ಅದರ ದಹನ ಕೋಣೆಗಳನ್ನೂ ಟರ್ಬೈನನ್ನೂ ಹಿಗ್ಗಿಸಿ ವಿಕೆ-1 ತಯಾರಿಸಿತು: 2,700 ಕೆಜಿ. ಹೊರ ಅಳತೆ ಅಷ್ಟೇನೂ ಬೆಳೆಯದ ಕಾರಣ ಹಳೆಯ ಒಡಲಲ್ಲೇ ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಕೂತಿತು. ಇದಲ್ಲದೆ ಬಿಸ್‌ಗೆ ದೊಡ್ಡ ಏರ್‌ಬ್ರೇಕ್ (ಗಾಳಿಗೆ ಅಡ್ಡ ತೆರೆದು ವೇಗ ತಗ್ಗಿಸುವ ಹಲಗೆ), ಏಲರಾನ್‌ಗಳಿಗೆ (ವಿಮಾನವನ್ನು ಎಡಬಲಕ್ಕೆ ವಾಲಿಸುವ ರೆಕ್ಕೆಯ ಪಟ್ಟಿಗಳು) ಹೈಡ್ರಾಲಿಕ್ ಬೂಸ್ಟರ್ ಬಂದವು.

ಫಿರಂಗಿ ಮೂರೇ: 37 ಮಿಮೀಯದು ಒಂದು, 40 ಗುಂಡು, 23 ಮಿಮೀಯವು ಎರಡು, ತಲಾ 80. ಬಿಸ್‌ನಲ್ಲಿ 23ರ ಜಾಗಕ್ಕೆ ನಿಮಿಷಕ್ಕೆ ಸುಮಾರು 850 ಗುಂಡು ಹಾರಿಸುವ ಎನ್‌ಆರ್-23 ಬಂತು. ಅಂದರೆ ಆರು ಸೆಕೆಂಡಿಗೆ ಪೆಟ್ಟಿಗೆ ಖಾಲಿ! ಬಿ-29ರಂಥ ಬಾಂಬರ್ ಉರುಳಿಸಲು ಇದು ಸಾಕು. ನುಣುಚಿಕೊಳ್ಳುವ ಸೇಬರ್‌ಗೆ ಗುರಿ ಹಿಡಿಯುವುದು ಬೇರೆಯೇ ಮಾತು.

ಈಗ ಬಾಲಕ್ಕೆ ಬರೋಣ. ವಿಮಾನ ಧ್ವನಿವೇಗದ ಹತ್ತಿರ ಹೋದಂತೆ ಬಾಲದ ಅಡ್ಡರೆಕ್ಕೆಯ ಮೇಲೆ ಆಘಾತ ಅಲೆ ಏಳುತ್ತದೆ. ಮಿಗ್‌ನಲ್ಲಿ ಪೈಲಟ್‌ನ ಕೈಗೆ ಸಿಗುತ್ತಿದ್ದದ್ದು ಅಡ್ಡರೆಕ್ಕೆಯ ಹಿಂಚಿನಲ್ಲಿ ಮೂತಿ ಏರಿಸಿ ಇಳಿಸುವ ಎಲಿವೇಟರ್ ಪಟ್ಟಿ ಮಾತ್ರ. ಅಲೆಯ ಹಿಂದೆ ಗಾಳಿ ಚದುರಿರುವುದರಿಂದ ಸ್ಟಿಕ್ಕನ್ನು ಬಲವಾಗಿ ಎಳೆದರೂ ಮೂತಿ ಸುಲಭಕ್ಕೆ ಏಳದು. ಎಫ್-86ಇ ಸೇಬರ್‌ನಲ್ಲಿ ಇಡೀ ಅಡ್ಡರೆಕ್ಕೆಯೇ ಹೈಡ್ರಾಲಿಕ್ ಬಲದಿಂದ ತಿರುಗುತ್ತಿತ್ತು, ಹಾಗಾಗಿ ಆ ವೇಗದಲ್ಲೂ ಹತೋಟಿ ಉಳಿಯುತ್ತಿತ್ತು. ಮಿಗ್‌ಗೆ ಇನ್ನೊಂದು ಕಾಯಿಲೆ: ಎಡ ಬಲ ರೆಕ್ಕೆಗಳು ಕೂದಲೆಳೆಯಷ್ಟು ವ್ಯತ್ಯಾಸವಾಗಿದ್ದರೂ ಅತಿವೇಗದಲ್ಲಿ ಒಂದು ಕಡೆ ವಾಲುವುದು. ರೆಕ್ಕೆಯ ಹಿಂಚಿಗೆ ಲೋಹದ ಪಟ್ಟಿ ಕೂರಿಸಿ, ಬಗ್ಗಿಸಿ ಸರಿಮಾಡುತ್ತಿದ್ದರು. ಬಿಸ್‌ನಲ್ಲಿ ಮ್ಯಾಕ್ 0.92 (ಧ್ವನಿವೇಗದ ಶೇ 92) ತಲುಪಿದರೆ ಏರ್‌ಬ್ರೇಕ್ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಹೆಚ್ಚಿನ ಶಕ್ತಿ ಕೊಟ್ಟು ಬ್ರೇಕನ್ನೂ ಕಾವಲಿಗಿಟ್ಟ ಹಾಗೆ!

ಆದರೂ 'ತಿಣುಕಾಡಿತು' ಎಂಬುದನ್ನು ಪೂರ್ತಿ ಒಪ್ಪಲಾರೆ. ಏರುವುದರಲ್ಲಿ ಬಿಸ್ ಮುಂದು. 15,000 ಮೀಟರ್ ದಾಟಿ ಸೇಬರ್‌ಗೆ ಎಟುಕದೆ ಹಾರುತ್ತಿತ್ತು. ಕೊರಿಯಾ-ಚೀನಾ ಗಡಿಯ ಯಾಲು ನದಿಯ ಮೇಲೆ ಕಾಳಗಕ್ಕಿಳಿಯುವ ಹೊತ್ತನ್ನು ಬಹಳ ಸಲ ಮಿಗ್‌ಗಳೇ ಆರಿಸಿಕೊಂಡವು. ಕೆಳಗಿಳಿದು, ವೇಗದಲ್ಲಿ ತಿರುಗಬೇಕಾದಾಗ ಲೆಕ್ಕ ತಲೆಕೆಳಗಾಗುತ್ತಿತ್ತು. ಸೇಬರ್ ಪೈಲಟ್‌ಗಳಿಗೆ ಜಿ-ಸೂಟ್ (ಬಿರುಸಿನ ತಿರುವಿನಲ್ಲಿ ತಲೆಯ ರಕ್ತ ಕೆಳಗಿಳಿಯದಂತೆ ತಡೆಯುವ ಉಡುಪು) ಇತ್ತು, ಮಿಗ್ ಪೈಲಟ್‌ಗಳಿಗೆ ಇರಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ರೆಕ್ಕೆಯನ್ನೇ ಹೊಸದಾಗಿ ಮಾಡಿದ್ದು ಮುಂದಿನ ಮಾದರಿಯಾದ ಮಿಗ್-17ರಲ್ಲಿ: ರೆಕ್ಕೆ ಹಿಂದಕ್ಕೆ ಓರೆಯಾಗಿರುವ ಕೋನ, ಅಂದರೆ 35 ಡಿಗ್ರಿ ಇದ್ದ ಹಿಂಬಾಗು, ಬುಡದಲ್ಲಿ 45 ಆಯಿತು.

ಚಿತ್ರದಲ್ಲಿ ಗುರುತಿಸಲು ಲ್ಯಾಂಡಿಂಗ್ ದೀಪ ನೋಡಿ. ಮೊದಲಿನವುಗಳಲ್ಲಿ ಅದು ಮೂತಿಯ ಗಾಳಿಬಾಯಿಯ ನಡುಗೋಡೆಯಲ್ಲಿದೆ, ನಂತರದ ಬಿಸ್‌ಗಳಲ್ಲಿ ರೆಕ್ಕೆಯ ಅಡಿಗೆ ಹೋಗಿದೆ. ರೆಕ್ಕೆಯ ಮೇಲಿನ ಬೇಲಿಪಟ್ಟಿಗಳನ್ನೂ ಎಣಿಸಿ: ಪ್ರತಿ ರೆಕ್ಕೆಗೆ ಎರಡಿದ್ದರೆ 15, ಮೂರಿದ್ದರೆ 17.