ತಿದ್ದುವ ಪತಿ, ಬರೆಯುವುದನ್ನೇ ಬಿಟ್ಟ ಪತ್ನಿ: ಒಂದು ಆಪ್ತಸಲಹೆ ಪ್ರಕರಣ

ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿ ಈ ಪ್ರಕರಣವನ್ನು ಬರೆದಿದ್ದೇನೆ. ಪತ್ನಿಯನ್ನು ಇಲ್ಲಿ ‘ವ’ ಎಂದು ಕರೆಯುತ್ತೇನೆ. ನಲವತ್ತು ದಾಟಿದ ಈಕೆ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಮನೆಮಾತು ತುಳು, ಹತ್ತನೆಯ ತರಗತಿಯವರೆಗೆ ಓದಿದ್ದು ಮರಾಠಿ ಮಾಧ್ಯಮದಲ್ಲಿ. ಕನ್ನಡದ ಓದುಬರಹವನ್ನು ಮದುವೆಯಾದ ಮೇಲೆ, ಡೊಂಬಿವಲಿಯ ಮನೆಗೆ ಬರುತ್ತಿದ್ದ ದಿನಪತ್ರಿಕೆಯನ್ನೂ ಸಂಘದ ಆಮಂತ್ರಣ ಪತ್ರಿಕೆಗಳನ್ನೂ ನೋಡಿ ತಾವೇ ಕಲಿತವರು. ಪತಿ ಉಡುಪಿ ಕಡೆಯವರು. ಪದವಿಯವರೆಗೆ ಊರಿನಲ್ಲೇ ಕನ್ನಡ ಓದಿ ಬಂದವರು.

ನಿದ್ರೆ ಬರುವುದಿಲ್ಲ, ಸಂಘದ ಮಹಿಳಾ ವಿಭಾಗದ ಜೊತೆ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಡಬೇಕೆನಿಸುತ್ತಿದೆ ಎಂದು ವ ನನ್ನ ಬಳಿ ಬಂದಿದ್ದರು. ಕಾರಣ ಕೇಳಿದಾಗ ಫೋನ್ ತೆಗೆದು ಅರಸಿನ ಕುಂಕುಮ ಕಾರ್ಯಕ್ರಮದ ಸೂಚನೆಯೊಂದನ್ನು ತೋರಿಸಿದರು. ‘ಏಲ್ಲರೂ ಬೆಗ ಬನ್ನಿ, ಪ್ರಸಾದ ಸ್ವೀಕರಿಸಿ ಹೊಗಿ’ ಎಂದು ಅವರು ವಾಟ್ಸಾಪ್ ಗುಂಪಿನಲ್ಲಿ ಬರೆದ ಕೆಲವೇ ನಿಮಿಷಗಳಲ್ಲಿ ಪತಿ ಅದೇ ವಾಕ್ಯವನ್ನು ತಿದ್ದಿ, ಕೆಳಗೆ ‘ಕನ್ನಡವನ್ನು ಕೊಲ್ಲಬೇಡ ಮಾರಾಯ್ತಿ’ ಎಂದು ಸೇರಿಸಿ ಹಾಕಿದ್ದರು. ಹಲವರು ನಗುವ ಚಿಹ್ನೆ ಒತ್ತಿದ್ದರು. ಅಂದಿನಿಂದ ವ ಏನನ್ನೂ ಬರೆಯುತ್ತಿಲ್ಲ, ಹೇಳುವುದಿದ್ದರೆ ಧ್ವನಿ ಸಂದೇಶ ಕಳಿಸುತ್ತಾರೆ. “ಮೇಡಂ, ಹಾಲ್ ಹಿಡಿದದ್ದು, ಬಾಗಿನ ತಂದದ್ದು, ಅಷ್ಟು ಜನ ಹೆಂಗಸರನ್ನು ಸೇರಿಸಿದ್ದು ಯಾರಿಗೂ ನೆನಪಿಲ್ಲ. ‘ಹೊಗಿ’ ಅಂತ ಬರೆದದ್ದು ಮಾತ್ರ ಎಲ್ಲರಿಗೂ ನೆನಪಿದೆ,” ಎಂದರು.

ಹಳೆಯ ಸಂದೇಶಗಳನ್ನು ಅವರೊಂದಿಗೇ ಕೂತು ಓದಿದೆ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ತಪ್ಪಿಲ್ಲ. ಲ ಮತ್ತು ಳ, ನ ಮತ್ತು ಣ ಅದಲುಬದಲಾಗಿಲ್ಲ. ಅನೇಕ ಕನ್ನಡ ಪದವೀಧರರು ಎಡವುವ ‘ಶ್ರದ್ಧಾಂಜಲಿ’ಯನ್ನು ಅವರು ಸರಿಯಾಗಿ ಬರೆದಿದ್ದರು. ತಪ್ಪುಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿದ್ದವು: ಎ ಮತ್ತು ಏ, ಒ ಮತ್ತು ಓ. ಮರಾಠಿಯ ಲಿಪಿಯಲ್ಲಿ ಈ ಹ್ರಸ್ವ ದೀರ್ಘಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ, ಒಂದೊಂದೇ ಅಕ್ಷರ. ಹತ್ತು ವರ್ಷ ಆ ಲಿಪಿಯಲ್ಲಿ ಬರೆದ ಕೈ ಕನ್ನಡಕ್ಕೆ ಬಂದಾಗ ಎಲ್ಲಿ ದೀರ್ಘ ಎಳೆಯಬೇಕೆಂದು ಊಹಿಸುತ್ತದೆ, ಕೆಲವೊಮ್ಮೆ ಊಹೆ ತಪ್ಪುತ್ತದೆ. ಇದು ಉದಾಸೀನವೂ ಅಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಇದನ್ನು ಕೇಳಿದ ವ ಬಹಳ ಹೊತ್ತು ತಮ್ಮ ಸಂದೇಶಗಳನ್ನೇ ಮತ್ತೆ ಮತ್ತೆ ನೋಡಿ, “ಅಂದರೆ ಇದು ಕಲಿತರೆ ಹೋಗುವಂಥದ್ದಾ?” ಎಂದು ಕೇಳಿದರು.

ಕಾಗುಣಿತಕ್ಕೆ ಅಷ್ಟೇನೂ ಬೆಲೆಯಿಲ್ಲ, ಅರ್ಥವಾದರೆ ಸಾಕು ಎಂದು ಹೇಳಿ ಅವರನ್ನು ಸಮಾಧಾನಪಡಿಸುವುದು ಸುಲಭವಿತ್ತು. ನಾನು ಹಾಗೆ ಹೇಳಲಿಲ್ಲ. ಸರಿಯಾಗಿ ಬರೆಯಬೇಕೆಂಬ ಆಸೆ ಅವರದೇ ಆಗಿರುವಾಗ, ಆ ಆಸೆಯೇ ಅನವಶ್ಯಕವೆಂದು ಹೇಳುವುದು ಇನ್ನೊಂದು ಬಗೆಯ ಅವಮಾನವೆಂದು ನನ್ನ ಅಭಿಪ್ರಾಯ.

ಎರಡನೆಯ ಭೇಟಿಗೆ ಪತಿಯೂ ಬಂದರು. “ತಪ್ಪನ್ನು ತಪ್ಪು ಅನ್ನದಿದ್ದರೆ ತಿದ್ದಿಕೊಳ್ಳುವುದು ಯಾವಾಗ ಮೇಡಂ? ನಮ್ಮ ಮಾಸ್ಟ್ರು ಬೆತ್ತ ಹಿಡಿದೇ ಕಲಿಸಿದ್ದು,” ಎಂದರು. ಅವರಲ್ಲಿ ಕೆಡುಕಿರಲಿಲ್ಲ, ತಿದ್ದುವುದು ತಮ್ಮ ಕರ್ತವ್ಯವೆಂದು ಪ್ರಾಮಾಣಿಕವಾಗಿ ನಂಬಿದ್ದರು. ಹೌಸಿಂಗ್ ಸೊಸೈಟಿಯ ಮರಾಠಿ ಸುತ್ತೋಲೆಗಳನ್ನು ಮನೆಯಲ್ಲಿ ಯಾರು ಓದುತ್ತಾರೆ, ದೂರಿನ ಪತ್ರಗಳನ್ನು ಯಾರು ಬರೆಯುತ್ತಾರೆ ಎಂದು ಕೇಳಿದೆ. “ಅದೆಲ್ಲ ಇವಳೇ,” ಎಂದವರು ಸ್ವಲ್ಪ ಸುಮ್ಮನಾದರು. ಈ ಶಹರದಲ್ಲಿ ನಾವೆಲ್ಲ ಲಿಂಗ ವಚನಗಳ ಹಂಗಿಲ್ಲದೆ ಹಿಂದಿ ಮಾತಾಡುತ್ತೇವೆ, ಅದಕ್ಕಾಗಿ ಯಾರೂ ಯಾರ ಮನೆತನವನ್ನೂ ಅಳೆಯುವುದಿಲ್ಲ. ಆಡಿದ ತಪ್ಪು ಗಾಳಿಗೆ ಹೋಗುತ್ತದೆ. ಬರೆದ ತಪ್ಪು ಪರದೆಯ ಮೇಲೆ ಉಳಿದು, ಚಿತ್ರವಾಗಿ ಇನ್ನೊಂದು ಗುಂಪಿಗೂ ಹೋಗುತ್ತದೆ. ಓದುವವರು ಅದರಲ್ಲಿ ಬರೆದವರ ಸಂಸ್ಕಾರವನ್ನೇ ಹುಡುಕತೊಡಗುತ್ತಾರೆ. ಆದ್ದರಿಂದ ತಿದ್ದುಪಡಿ ಸರಿಯೇ ಎಂಬುದಕ್ಕಿಂತ, ಯಾರೆದುರು ಮತ್ತು ಯಾರು ಕೇಳಿದ್ದಕ್ಕೆ ತಿದ್ದಿದ್ದು ಎಂಬುದನ್ನು ಅವರು ಯೋಚಿಸಬೇಕೆಂದು ಹೇಳಿದೆ.

ಪತಿಗೆ ಕೊಟ್ಟ ಸಲಹೆ ಒಂದೇ: ಗುಂಪಿನಲ್ಲಿ ತಿದ್ದಬಾರದು, ಕೇಳದೆ ತಿದ್ದಬಾರದು. ಹತ್ತಾರು ಜನರಿಗೆ ಹೋಗುವ ಸೂಚನೆಯಿದ್ದರೆ ವ ಅದನ್ನು ಮೊದಲು ಅವರಿಗೆ ಕಳಿಸುತ್ತಾರೆ, ಅವರು ತಿದ್ದಿದ ಪದವನ್ನಷ್ಟೇ ಟೀಕೆಯಿಲ್ಲದೆ ಹಿಂದಿರುಗಿಸುತ್ತಾರೆ. ಅಚ್ಚಿಗೆ ಹೋಗುವ ಆಮಂತ್ರಣ ಪತ್ರಿಕೆಯ ಮಾತು ಬೇರೆ. ಅದರ ಕರಡನ್ನು ಎಷ್ಟೇ ಕನ್ನಡ ಬಲ್ಲವರು ಬರೆದಿದ್ದರೂ ಇನ್ನೊಬ್ಬರು ತಿದ್ದಲೇಬೇಕು, ಅದರಲ್ಲಿ ನಾಚಿಕೆಯ ಪ್ರಶ್ನೆಯೇ ಇಲ್ಲ.

ವ ಅವರಿಗೆ, ತಾವು ದಿನವೂ ಬಳಸುವ ಪದಗಳಲ್ಲಿ ಎಡವುವಂಥವನ್ನು ಒಂದು ವಹಿಯಲ್ಲಿ ಜೋಡಿಯಾಗಿ ಬರೆದುಕೊಳ್ಳಲು ಹೇಳಿದೆ: ಬೆಳೆ, ಬೇಳೆ, ಕೊಡಿ, ಕೋಡಿ, ಹೊರಗೆ, ಹೋಗಿ. ಬರೆದದ್ದನ್ನು ಬಾಯಿಬಿಟ್ಟು ಓದಿದರೆ ಸಾಕು, ಏಕೆಂದರೆ ಅವರ ಕಿವಿ ಹ್ರಸ್ವ ದೀರ್ಘಗಳನ್ನು ಸರಿಯಾಗಿಯೇ ಬಲ್ಲದು. ತುಳುವಿನಲ್ಲೂ ಆ ವ್ಯತ್ಯಾಸವಿದೆ. ಮನೆಗೆ ಬರುವ ‘ಕರ್ನಾಟಕ ಮಲ್ಲ’ ದಿನಪತ್ರಿಕೆಯ ಒಂದು ಸುದ್ದಿಯನ್ನು ದಿನವೂ ಗಟ್ಟಿಯಾಗಿ ಓದಲು ಸೂಚಿಸಿದೆ. ಫೋನಿಗೆ ಹೇಳಿ ಬರೆಸುವ ಸೌಲಭ್ಯವನ್ನು ಬಳಸಬಹುದು, ಆದರೆ ಅದು ಕೇಳಿಸಿಕೊಂಡದ್ದು ಬೇರೆಯೇ ಆಗಿರಬಹುದಾದ್ದರಿಂದ ಕಳಿಸುವ ಮೊದಲು ಓದಿ ನೋಡಬೇಕು. ರಾಜೀನಾಮೆಯ ನಿರ್ಧಾರವನ್ನು ಮುಂದಿನ ಮಹಾಸಭೆಯವರೆಗೆ ಮುಂದೂಡಲು ಒಪ್ಪಿದರು.

ಮಾತಿನ ನಡುವೆ ಆರನೆಯ ತರಗತಿಯ ಮಗನ ವಿಷಯ ಬಂತು. “ಅಮ್ಮನ ಹಾಗೆಯೇ ಅವನೂ,” ಎಂದು ಪತಿ ಹೇಳಿದ್ದರಿಂದ ನೋಟುಪುಸ್ತಕಗಳನ್ನು ತರಿಸಿ ನೋಡಿದೆ. ಅಮ್ಮನ ಹಾಗೆ ಇರಲೇ ಇಲ್ಲ. ಒಂದೇ ಪುಟದಲ್ಲಿ ಒಂದೇ ಪದ ಬೇರೆ ಬೇರೆ ರೀತಿಯಲ್ಲಿತ್ತು, ಇಂಗ್ಲಿಷ್, ಹಿಂದಿ, ಮರಾಠಿ ಮೂರರಲ್ಲೂ ಅದೇ ತೊಂದರೆಯಿತ್ತು. ಓದುವಾಗಲೂ ಸಾಲು ತಪ್ಪುತ್ತಾನೆಂದು ತಾಯಿ ಹೇಳಿದರು. ಇಂಥ ಮಗುವಿಗೆ ಕಾಪಿ ಬರೆಸುವುದರಿಂದ ಪ್ರಯೋಜನವಿಲ್ಲ, ಬೈಯುವುದರಿಂದ ಹಾನಿಯೇ ಹೆಚ್ಚು. ಇದು ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚುರುಕಾಗಿದ್ದರೂ ಓದುಬರಹದಲ್ಲಿ ತೊಡಕಾಗುವ ಸ್ಥಿತಿ, ಇರಬಹುದೆಂದು ನನಗನಿಸಿತು. ಅದನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ತಾನು ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿಸಿದೆ. ಪ್ರಮಾಣಪತ್ರ ಸಿಕ್ಕಿದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮುಂತಾದ ರಿಯಾಯಿತಿಗಳಿವೆ. ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಇರುವ ವಿಭಾಗದಲ್ಲಿ ತಪಾಸಣೆ ಮಾಡಿಸಲು ಬರೆದುಕೊಟ್ಟೆ. ಫಲಿತಾಂಶ ಬರುವವರೆಗೆ ಮನೆಯಲ್ಲಿ ಉಕ್ತಲೇಖನ ಬರೆಸುವುದನ್ನು ನಿಲ್ಲಿಸಬೇಕು, ಅವನು ಬರೆದ ಉತ್ತರದಲ್ಲಿ ವಿಷಯ ಸರಿಯಿದೆಯೇ ಎಂದು ಮಾತ್ರ ನೋಡಬೇಕು ಎಂದು ತಂದೆಗೆ ಪ್ರತ್ಯೇಕವಾಗಿ ತಿಳಿಸಿದ್ದೇನೆ.