ಬನ್ನಿನೊಳಗಿನ ಬೋಂಡಾ ಬರ್ಗರ್ ಆಗುವುದು ಯಾವಾಗ?

ಪ್ರಶ್ನೆ: ಶನಿವಾರ ಬಂತೆಂದರೆ ನಮ್ಮ ಇಬ್ಬರು ಮಕ್ಕಳಿಗೂ ಬರ್ಗರ್ ಬೇಕು. ಫೋನಿನಲ್ಲಿ ತರಿಸಿದರೆ ನಾಲ್ವರಿಗೆ ಏಳೆಂಟು ನೂರು ರೂಪಾಯಿ ಆಗುತ್ತದೆ. ಮನೆಯಲ್ಲೇ ಮಾಡೋಣವೆಂದು ಎರಡು ಸಲ ಪ್ರಯತ್ನಿಸಿದೆ. ಮೊದಲ ಸಲ ಟಿಕ್ಕಿ ಎಣ್ಣೆಯಲ್ಲೇ ಒಡೆದು ಚೂರಾಯಿತು. ಎರಡನೆಯ ಸಲ ಒಡೆಯಲಿಲ್ಲ, ಆದರೆ ಬನ್ನು ನೆನೆದು ಮುದ್ದೆಯಾಯಿತು. ದೊಡ್ಡ ಮಗಳು, ‘ಅಮ್ಮಾ, ಇದು ಬರ್ಗರ್ ಅಲ್ಲ, ಬನ್ನಿನೊಳಗಿನ ಬೋಂಡಾ’ ಎಂದುಬಿಟ್ಟಳು. ಮನೆಯದು ಹೊರಗಿನದರ ಹಾಗೆ ಯಾಕೆ ಬರುವುದಿಲ್ಲ? ಇಷ್ಟೆಲ್ಲ ಮಾಡಿದರೆ ಹಣವಾದರೂ ಉಳಿಯುತ್ತದೆಯೇ?
– ಗೃಹಿಣಿ, ತುಮಕೂರು

ಉತ್ತರ: ನಿಮ್ಮ ಮಗಳು ತನಗೇ ಗೊತ್ತಿಲ್ಲದೆ ಸತ್ಯ ಹೇಳಿದ್ದಾಳೆ. ಅಮೆರಿಕದಲ್ಲಿ ಬರ್ಗರ್ ಎಂದರೆ ದನದ ಮಾಂಸದ ಖೀಮಾವನ್ನು ತಟ್ಟಿ, ಕಾದ ಕಬ್ಬಿಣದ ಮೇಲೆ ಸುಟ್ಟು ಬನ್ನಿನೊಳಗೆ ಇಟ್ಟದ್ದು. ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ 1921ರಲ್ಲಿ ಶುರುವಾದ ವೈಟ್ ಕ್ಯಾಸಲ್ ಅದನ್ನು ಊರೂರಿನ ಅಂಗಡಿಗಳಲ್ಲಿ ಒಂದೇ ರುಚಿಗೆ ಸಿಗುವ ತಿನಿಸನ್ನಾಗಿ ಮಾಡಿತು. ಮೆಕ್‌ಡೊನಾಲ್ಡ್ಸ್ 1996ರಲ್ಲಿ ಭಾರತಕ್ಕೆ ಬಂದಾಗ ದನದ ಮಾಂಸವನ್ನೂ ಹಂದಿ ಮಾಂಸವನ್ನೂ ಹೊರಗೇ ಬಿಟ್ಟು ಬಂತು. ಮಾಂಸ ತಿನ್ನದವರಿಗಾಗಿ ಮುಂದೆ ಆ ಜಾಗಕ್ಕೆ ಬಂದದ್ದು ಆಲೂಗಡ್ಡೆಯ ಟಿಕ್ಕಿ. ಅದು ಬೋಂಡಾದ ದಾಯಾದಿಯೇ. ಹುಟ್ಟಿದಾಗಿನಿಂದ ಬೋಂಡಾ ಕರಿದು ಬಲ್ಲ ಕೈಗೆ ಇದು ಕಷ್ಟವಾಗಬಾರದು. ಆದರೂ ಕೈಕೊಟ್ಟಿತು ಎಂದರೆ, ನಿಮ್ಮ ಎರಡೂ ಸಲದ ಕಾರಣ ಒಂದೇ: ನೀರು.

ಆಲೂಗಡ್ಡೆಯಿಂದಲೇ ಶುರುಮಾಡೋಣ. ನೀವು ಬಹುಶಃ ಹೋಳು ಮಾಡಿ ಕುಕ್ಕರಿಗೆ ಹಾಕಿರುತ್ತೀರಿ. ಕತ್ತರಿಸಿದ ಮೈಯೆಲ್ಲ ನೀರು ಕುಡಿಯುತ್ತದೆ. ಪಲ್ಯಕ್ಕೆ ಇದರಿಂದ ತೊಂದರೆಯಿಲ್ಲ, ಬೋಂಡಾಕ್ಕೂ ಇಲ್ಲ. ಬೋಂಡಾಕ್ಕೆ ಕಡಲೆಹಿಟ್ಟಿನ ದಪ್ಪ ಅಂಗಿ ಇರುತ್ತದೆ. ಟಿಕ್ಕಿಗೆ ಆ ರಕ್ಷಣೆ ಇಲ್ಲ. ಒಳಗಿನ ನೀರು ಎಣ್ಣೆಯಲ್ಲಿ ಆವಿಯಾಗಿ ದಾರಿ ಹುಡುಕುತ್ತದೆ, ಸಿಕ್ಕ ಕಡೆ ಸೀಳುತ್ತದೆ. ಆದ್ದರಿಂದ ಗಡ್ಡೆಯನ್ನು ಇಡಿಯಾಗಿ, ಸಿಪ್ಪೆಸಹಿತ ಬೇಯಿಸಿ. ಬಿಸಿಯಿರುವಾಗಲೇ ಸುಲಿದು, ಪುಡಿಮಾಡಿ, ಅಗಲವಾದ ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗೆ ಹತ್ತು ನಿಮಿಷ ಇಡಿ. ತಟ್ಟೆಯಿಂದ ಏಳುವ ಆವಿಯೆಲ್ಲ ನಿಮ್ಮ ಬಾಣಲೆಯಲ್ಲಿ ಟಿಕ್ಕಿ ಒಡೆಯಬೇಕಾಗಿದ್ದ ನೀರೇ.

ಯಾವ ಗಡ್ಡೆ ಎನ್ನುವುದೂ ಮುಖ್ಯ. ಹಾಸನದ ಕಡೆಯಿಂದ ಮಳೆಗಾಲದಲ್ಲಿ ಬರುವ ಹೊಸ ಗಡ್ಡೆಯ ಸಿಪ್ಪೆ ಹೆಬ್ಬೆರಳಿನಿಂದ ಉಜ್ಜಿದರೆ ಕಿತ್ತು ಬರುತ್ತದೆ. ಸಾಗುವಿಗೆ ಅದು ಬಲು ರುಚಿ, ಟಿಕ್ಕಿಗೆ ಮಾತ್ರ ಬೇಡ, ನೀರಿನಂಶ ಜಾಸ್ತಿ. ಹಳೆಯ ಗಡ್ಡೆ ಒಳ್ಳೆಯದು. ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇದ್ದ ಗಡ್ಡೆಗೆ ಬೇರೊಂದು ಗುಣವಿದೆ. ಚಳಿಯಲ್ಲಿ ಅದರ ಪಿಷ್ಟದ ಒಂದು ಪಾಲು ಸಕ್ಕರೆಯಾಗಿರುತ್ತದೆ, ಹಾಗಾಗಿ ಎಣ್ಣೆಗೆ ಬಿದ್ದೊಡನೆ ಕಪ್ಪಗಾಗುತ್ತದೆ. ಬೇಯಿಸಿದ ಗಡ್ಡೆ ಬಾಯಿಗೆ ಸಿಹಿ ಎನಿಸಿದರೆ ಉರಿ ಸ್ವಲ್ಪ ತಗ್ಗಿಸಿ.

ಅರ್ಧ ಕಿಲೋ ಗಡ್ಡೆಗೆ ಒಂದು ಹಿಡಿ ತೆಳು ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಣಗಿದಂತೆಯೇ ಪುಡಿಮಾಡಿ ಬೆರೆಸಿ. ಉಳಿದ ತೇವವನ್ನು ಅದು ಎಳೆದುಕೊಳ್ಳುತ್ತದೆ. ಬಟಾಣಿ, ಕ್ಯಾರೆಟ್ ಹಾಕುವುದಾದರೆ ಬೇಯಿಸಿ, ಬಟ್ಟೆಯಲ್ಲಿ ಹಿಂಡಿ ಹಾಕಿ. ಬನ್ನಿನಷ್ಟೇ ಅಗಲಕ್ಕೆ ತಟ್ಟಿ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಈ ಎರಡು ಗಂಟೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ನಾನೂ ಬಿಟ್ಟು ಪಶ್ಚಾತ್ತಾಪಪಟ್ಟಿದ್ದೇನೆ. ರಾತ್ರಿ ಉಳಿದ ಅನ್ನ ಬೆಳಗ್ಗೆ ಗಟ್ಟಿಯಾಗಿ ಉದುರುದುರಾಗಿರುತ್ತದಲ್ಲ, ಚಿತ್ರಾನ್ನಕ್ಕೆ ಹೇಳಿ ಮಾಡಿಸಿದ ಹಾಗೆ? ಬೆಂದ ಪಿಷ್ಟ ತಣ್ಣಗಾದಾಗ ಮತ್ತೆ ಬಿಗಿಯುವುದರಿಂದ ಹಾಗಾಗುತ್ತದೆ. ಟಿಕ್ಕಿಯೊಳಗೂ ನಡೆಯಬೇಕಾದದ್ದು ಅದೇ. ಆಮೇಲೆ ಮೈದಾ ಮತ್ತು ಕಾರ್ನ್‌ಫ್ಲೋರಿನ ತೆಳು ಹಿಟ್ಟಿನಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ. (ಕಾರ್ನ್‌ಫ್ಲೋರ್ ಎಂದರೆ ನಮ್ಮ ರೊಟ್ಟಿಯ ಜೋಳದ ಹಿಟ್ಟಲ್ಲ. ಒಬ್ಬರು ಅದನ್ನೇ ಹಾಕಿ, ನನಗೆ ಬೈದು ಪತ್ರ ಬರೆದಿದ್ದರು.) ಎಣ್ಣೆ 175–180 ಡಿಗ್ರಿ ಸೆಲ್ಸಿಯಸ್ ಇರಬೇಕು; ಚಿಟಿಕೆ ಬ್ರೆಡ್ ಪುಡಿ ಹಾಕಿದರೆ ತಳಕ್ಕೆ ಹೋಗದೆ ನೊರೆಯೊಡನೆ ಮೇಲೇಳಬೇಕು. ಒಂದು ಸಲಕ್ಕೆ ಎರಡೇ ಟಿಕ್ಕಿ. ಆರನ್ನೂ ಒಟ್ಟಿಗೆ ಬಿಟ್ಟರೆ ಎಣ್ಣೆ ತಣಿದು, ಟಿಕ್ಕಿ ಕರಿಯುವ ಬದಲು ಎಣ್ಣೆಯಲ್ಲಿ ನೆನೆಯುತ್ತದೆ.

ಇನ್ನು ಬನ್ನು. ಅಯ್ಯಂಗಾರ್ ಬೇಕರಿಯ ಬನ್ನು ಧಾರಾಳವಾಗಿ ಸಾಕು, ಬರ್ಗರ್ ಬನ್ನು ಎಂದು ಹೆಸರು ಹಚ್ಚಿದ ಪ್ಯಾಕೆಟ್ಟೇ ಬೇಕೆಂದಿಲ್ಲ. ಆದರೆ ಕತ್ತರಿಸಿದ ಮೈಗೆ ಬೆಣ್ಣೆ ಸವರಿ, ಕಾದ ಕಾವಲಿಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯದೆ ಬರ್ಗರ್ ಕಟ್ಟಬೇಡಿ. ಅಂಚು ಕಂದು ಬಣ್ಣಕ್ಕೆ ತಿರುಗಿ, ಮೈ ಗರಿಗರಿಯಾಗಬೇಕು. ಆ ಗರಿ ಮತ್ತು ಬೆಣ್ಣೆಯ ಪದರ ಸಾಸಿನ ನೀರನ್ನು ಕೆಲವು ನಿಮಿಷ ತಡೆದು ನಿಲ್ಲಿಸುತ್ತದೆ. ಜತೆಗೆ ಒಂದು ಪರಿಮಳವೂ ಹುಟ್ಟುತ್ತದೆ. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ, ಪ್ರೋಟೀನು ಮತ್ತು ಸಕ್ಕರೆ ಬಿಸಿಗೆ ಸೇರಿ ಕಂದಾಗುವ ಕ್ರಿಯೆ ಅದು. ದೋಸೆಯ ತಳದ ಕೆಂಪು, ಕಾಫಿ ಬೀಜ ಹುರಿದ ಘಮ ಎಲ್ಲದರ ಹಿಂದೆಯೂ ಅದೇ ಇದೆ. ‘ಹೊರಗಿನ ರುಚಿ’ ಎಂದು ಮಕ್ಕಳು ಹೇಳುವುದರಲ್ಲಿ ದೊಡ್ಡ ಪಾಲು ಇದರದ್ದೇ. ಕಬ್ಬಿಣದ ದೋಸೆ ಕಾವಲಿ ಇರುವ ಮನೆಗೆ ಅದು ಎಟುಕದ್ದೇನಲ್ಲ.

ಟೊಮೆಟೊ ಬಿಲ್ಲೆಗಳನ್ನು ಬಟ್ಟೆಯ ಮೇಲೆ ಹರಡಿ ಒರೆಸಿ. ಮಕ್ಕಳು ತಟ್ಟೆಯ ಮುಂದೆ ಕುಳಿತ ಮೇಲೆಯೇ ಬರ್ಗರ್ ಕಟ್ಟಿ. ದೋಸೆಗೆ ನಾವು ಕಾಯುತ್ತೇವೆ, ದೋಸೆಯನ್ನು ಕಾಯಿಸುವುದಿಲ್ಲ, ಇಲ್ಲಿಯೂ ಹಾಗೆಯೇ. ಇಷ್ಟಾದರೂ ಹೊರಗಿನದು ಒಂದು ಗುಲಗಂಜಿ ಮೇಲೆನಿಸಿದರೆ, ಅದು ಉಪ್ಪು ಮತ್ತು ಸಕ್ಕರೆಯ ಕೈವಾಡ. ಅಷ್ಟು ಹಾಕಲು ಮನೆಯಲ್ಲಿ ನಮ್ಮ ಕೈ ಏಳುವುದಿಲ್ಲ. ಏಳದಿರಲಿ.

ಹಣದ ಮಾತು. ಕಳೆದ ತಿಂಗಳು ನಮ್ಮ ಮನೆಯಲ್ಲಿ ಆರು ಬರ್ಗರ್ ಮಾಡಿದಾಗ ಬರೆದಿಟ್ಟ ಲೆಕ್ಕ ಇದು. ಬನ್ನು 60 ರೂಪಾಯಿ, ಆಲೂಗಡ್ಡೆ 20, ತರಕಾರಿ 25, ಅವಲಕ್ಕಿ ಮತ್ತು ಬ್ರೆಡ್ ಪುಡಿ 10, ಎಣ್ಣೆ 20, ಈರುಳ್ಳಿ–ಟೊಮೆಟೊ 15. ಇದಕ್ಕೆ ಆರು ಚೀಸ್ ಹಾಳೆ 84, ಮೇಯೊನೇಸ್ 30. ಒಟ್ಟು 264, ಅಂದರೆ ಒಂದಕ್ಕೆ 44 ರೂಪಾಯಿ. ಕೇಳಲು ಚೆನ್ನಾಗಿದೆ. ಆದರೆ ಚೀಸನ್ನು ಆರು ಹಾಳೆಯಾಗಿ ಯಾರೂ ಕೊಡುವುದಿಲ್ಲ. ಹತ್ತರ ಪ್ಯಾಕೆಟ್ಟಿಗೆ 140 ಕೊಟ್ಟೆ, ಮೇಯೊನೇಸ್ ಬಾಟಲಿಗೆ 95. ತಟ್ಟೆಗೆ ಬಂದದ್ದು 264, ಕೈಯಿಂದ ಹೋದದ್ದು 385. ಉಳಿದ ಚೀಸು, ಮೇಯೊನೇಸು ಫ್ರಿಜ್ಜಿನ ಬಾಗಿಲಲ್ಲಿ ಕುಳಿತು ‘ಇನ್ನೊಮ್ಮೆ ಮಾಡು’ ಎನ್ನುತ್ತಿರುತ್ತವೆ. ಅವೆರಡನ್ನೂ ಕೈಬಿಟ್ಟು ಪುದೀನ ಚಟ್ನಿ ಸವರಿದರೆ ಒಂದಕ್ಕೆ 25ರ ಆಸುಪಾಸಿನಲ್ಲೇ ಮುಗಿಯುತ್ತದೆ. ನಾಲ್ವರ ಮನೆಗೆ ಉಳಿತಾಯ ಖಂಡಿತ ಇದೆ, ನಿಮ್ಮ ಒಂದೂವರೆ ಗಂಟೆಯ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಹಿಡಿಯಬೇಕು ಎನ್ನುವುದು ನನ್ನ ಅಭಿಪ್ರಾಯ. ಟಿಕ್ಕಿ ತಟ್ಟುವ ಕೆಲಸವನ್ನು ದೊಡ್ಡ ಮಗಳಿಗೇ ವಹಿಸಿ; ಟೀಕೆ ಮಾಡುವವರಿಗೆ ಆ ಹಕ್ಕು ಕೈ ಕೆಸರಾದ ಮೇಲೆ.

ಪ್ರಶ್ನೆ: ನನ್ನ ಸೊಸೆ ಬರ್ಗರನ್ನು ಮನೆಯಲ್ಲೇ ಮಾಡುತ್ತಾಳೆ. ಮನೆಯದಾದ್ದರಿಂದ ಮೊಮ್ಮಗ ಎಷ್ಟು ತಿಂದರೂ ತೊಂದರೆಯಿಲ್ಲ ಎನ್ನುತ್ತಾಳೆ. ನಿಜವೇ? ನನಗೆ ಸಕ್ಕರೆ ಕಾಯಿಲೆ ಇದೆ, ನಾನೂ ಒಂದು ತಿನ್ನಬಹುದೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಮನೆಯ ಹೊಸ್ತಿಲು ದಾಟಿದ ಮಾತ್ರಕ್ಕೆ ಮೈದಾ ರಾಗಿಯಾಗುವುದಿಲ್ಲ. ಅದೇ ಬನ್ನು, ಅದೇ ಚೀಸು, ಅದೇ ಬಾಟಲಿ ಸಾಸು ತಂದು ಜೋಡಿಸಿದರೆ ಹೊರಗಿನದಕ್ಕೂ ಮನೆಯದಕ್ಕೂ ಹೆಚ್ಚು ಅಂತರವಿಲ್ಲ. ಎಣ್ಣೆಯ ವಿಷಯದಲ್ಲಂತೂ ನಮ್ಮ ಮನೆಗಳಿಗೆ ಬೀಗಲು ಕಾರಣವೇ ಇಲ್ಲ. ಕರಿದ ಎಣ್ಣೆ ಹಾಳಾಗುತ್ತ ಹೋದಂತೆ ಅದರಲ್ಲಿ ಹೆಚ್ಚುವ ಧ್ರುವೀಯ ಸಂಯುಕ್ತಗಳು ಶೇ 25 ಮೀರಿದರೆ ಅದನ್ನು ಅಡುಗೆಗೆ ಬಳಸಬಾರದು ಎಂಬ ನಿಯಮವನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಜಾರಿಗೆ ತಂದಿದೆ. ಹೋಟೆಲಿಗೆ ಇನ್‌ಸ್ಪೆಕ್ಟರ್ ಬರಬಹುದು. ಗೌರಿಹಬ್ಬದ ಕರಿದ ಎಣ್ಣೆಯನ್ನು ಸ್ಟೀಲ್ ತಂಬಿಗೆಯಲ್ಲಿಟ್ಟು ದೀಪಾವಳಿಗೆ ತೆಗೆಯುವ ನಮ್ಮ ಅಡುಗೆಮನೆಗೆ ಯಾರು ಬರುತ್ತಾರೆ? ಬಣ್ಣ ಗಾಢವಾಗಿ, ಮುಟ್ಟಿದರೆ ಜಿಗುಟಾಗಿ, ಕಾಯುವ ಮೊದಲೇ ಹೊಗೆಯಾಡಿದರೆ ಆ ಎಣ್ಣೆಯ ಋಣ ತೀರಿತು.

ಮನೆಯದಕ್ಕೆ ನಿಜವಾದ ಲಾಭ ಸಿಗುವುದು ಬರ್ಗರಿನ ಪಕ್ಕದಲ್ಲಿ. ಹೊರಗೆ ಅದು ಒಂಟಿಯಾಗಿ ಬರುವುದು ಕಡಿಮೆ. ಫ್ರೆಂಚ್ ಫ್ರೈಸ್, ಕೋಲಾ ಜತೆಗೇ ಬರುತ್ತವೆ. ಮುನ್ನೂರು ಮಿಲಿಲೀಟರ್ ಕೋಲಾದಲ್ಲಿ ಸಾಮಾನ್ಯವಾಗಿ 30 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಆರು ಚಮಚ! ಅದರ ಬದಲು ಮನೆಯಲ್ಲಿ ಮಜ್ಜಿಗೆ ಕುಡಿದರೆ ಅಲ್ಲೇ ಅರ್ಧ ಜಗಳ ಮುಗಿಯಿತು. ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿಯನ್ನೂ ನಮೂದಿಸಬೇಕೆಂಬ ನಿಯಮವಿದೆ. ಬೆಲೆ ನೋಡುವಾಗ ಪಕ್ಕದ ಆ ಸಣ್ಣ ಅಂಕಿಯನ್ನೂ ಮೊಮ್ಮಗನಿಂದಲೇ ಓದಿಸಿ.

ನಿಮ್ಮ ವಿಷಯ: ಮೈದಾ ಬನ್ನಿನ ನಡುವೆ ಆಲೂಗಡ್ಡೆ ಎಂದರೆ ಪಿಷ್ಟದೊಳಗೆ ಪಿಷ್ಟ. ನೆನೆಸಿದ ಕಡಲೆಕಾಳನ್ನು ವಡೆಗೆ ರುಬ್ಬುವ ಹಾಗೆ ತರಿತರಿಯಾಗಿ ರುಬ್ಬಿ, ಕಾವಲಿಯ ಮೇಲೆ ಎರಡು ಚಮಚ ಎಣ್ಣೆಯಲ್ಲಿ ಬೇಯಿಸಿಕೊಡಲು ಸೊಸೆಗೆ ಹೇಳಿ. ಬನ್ನಿನ ಕೆಳಗಿನ ಅರ್ಧ ಮಾತ್ರ ಇರಲಿ. ಎಷ್ಟು, ಎಷ್ಟು ದಿನಕ್ಕೊಮ್ಮೆ ಎನ್ನುವುದನ್ನು ನಿಮ್ಮ ರಕ್ತದ ವರದಿ ನೋಡಿದ ವೈದ್ಯರೇ ಹೇಳಬೇಕು.

ಪ್ರಶ್ನೆ: ಚಿಕನ್ ಬರ್ಗರ್ ಮಾಡಿದರೆ ಪ್ಯಾಟಿ ರಬ್ಬರಿನಂತಾಗುತ್ತದೆ. ಉರಿ ಕಡಿಮೆ ಮಾಡಿದರೆ ನಡುವೆ ಹಸಿ ಉಳಿಯುವ ಭಯ.
– ವಿದ್ಯಾರ್ಥಿ, ಮಂಗಳೂರು

ಉತ್ತರ: ನೀವು ಎದೆಯ ಭಾಗದ ಖೀಮಾ ತರುತ್ತಿರಬೇಕು. ಅದರಲ್ಲಿ ಕೊಬ್ಬಿಲ್ಲ. ಅಂಗಡಿಯವನಿಗೆ ತೊಡೆಯ ಮಾಂಸ ಬಿಡಿಸಿ ಖೀಮಾ ಮಾಡಿಕೊಡಲು ಹೇಳಿ, ಹದ ಅರ್ಧ ಅಲ್ಲಿಗೇ ಸರಿಹೋಗುತ್ತದೆ. ಚಪಾತಿ ಹಿಟ್ಟಿನಂತೆ ನಾದಬೇಡಿ. ಬೇಯುವಾಗ ಸೌಟಿನಿಂದ ಒತ್ತಲೂಬೇಡಿ, ಸೊಂಯ್ ಎಂದು ಸೋರುವುದು ನಿಮ್ಮ ರುಚಿಯೇ. ಭಯ ಮಾತ್ರ ಸರಿಯಾದದ್ದು. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಮೇಲ್ಮೈಯಲ್ಲಿರುತ್ತದೆ, ಅರೆದಾಗ ಒಳಕ್ಕೆಲ್ಲ ಹರಡುತ್ತದೆ. ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಬಣ್ಣ ನೋಡಿ ತೀರ್ಮಾನಿಸಬೇಡಿ. ಅಡುಗೆಯ ಥರ್ಮಾಮೀಟರ್ ಒಂದನ್ನು ಕೊಳ್ಳಿ, ರೂಮಿನಲ್ಲಿರುವ ನಾಲ್ವರೂ ಸೇರಿ ಕೊಂಡರೆ ಹೊರೆಯಲ್ಲ.

ಪ್ರಶ್ನೆ: ಮೊಟ್ಟೆಯ ಮೇಯೊನೇಸನ್ನು ಮನೆಯಲ್ಲೇ ಮಾಡಬಹುದೇ? ಅಂಗಡಿಯದು ಅಪಾಯ ಎನ್ನುತ್ತಾರಲ್ಲ?
– ಹುಬ್ಬಳ್ಳಿ

ಉತ್ತರ: ಅಪಾಯ ಅಂಗಡಿಯಲ್ಲಿಲ್ಲ, ಹಸಿ ಮೊಟ್ಟೆಯಲ್ಲಿದೆ, ನಿಮ್ಮ ಮಿಕ್ಸಿಗೆ ಬಂದರೂ ಅದು ಹಸಿಯೇ. ಹಸಿ ಮೊಟ್ಟೆಯ ಮೇಯೊನೇಸನ್ನು ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ನಿಷೇಧಿಸಿದವು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಅದರಲ್ಲಿ, ಅದೂ ಫ್ರಿಜ್ಜಿನ ಹೊರಗೆ ಇಟ್ಟಾಗ, ಹುಲುಸಾಗಿ ಬೆಳೆಯುತ್ತದೆ. ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೂರು ಗಂಟೆ ತೂಗುಹಾಕಿ. ಇಳಿದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಒಂದು ಚಮಚ ಎಣ್ಣೆ ಸೇರಿಸಿ ಕಡೆಯಿರಿ. ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ಬಟ್ಟಲು ಖಾಲಿಯಾಗುತ್ತದೆ.

ಪ್ರಶ್ನೆ: ಒಬ್ಬನೇ ಇರುತ್ತೇನೆ. ಒಂದು ಬರ್ಗರಿಗಾಗಿ ಇಷ್ಟು ಪಾಡು ಬೇಕೇ?
– ಬೆಂಗಳೂರು

ಉತ್ತರ: ಬೇಡ. ಹೋಗಿ ತಿನ್ನಿ. ಆದರೆ ಅಲ್ಲೇ ಕುಳಿತು ತಿನ್ನಿ, ಮನೆಗೆ ತರಿಸಬೇಡಿ. ಮುಚ್ಚಿದ ಪೆಟ್ಟಿಗೆಯಲ್ಲಿ ಅರ್ಧ ಗಂಟೆ ತನ್ನದೇ ಆವಿಯಲ್ಲಿ ಬೆಂದ ಬರ್ಗರಿಗೆ ನೀವು ಸಾಗಣೆಯ ದರವನ್ನೂ ಸೇರಿಸಿ ಕೊಡುತ್ತಿರುತ್ತೀರಿ. ಇನ್ನು ಬನ್ನಿನ ನಡುವೆ ಗರಿಗರಿಯಾದದ್ದೇನೋ ಇರಬೇಕು, ಅಷ್ಟೇ ಆಸೆ ಎನ್ನುವುದಾದರೆ ವಿ.ವಿ. ಪುರದ ಕಡೆ ಹೋಗಿ ಬನ್ ನಿಪ್ಪಟ್ಟು ಕೇಳಿ. ಬೆಣ್ಣೆ, ಖಾರ, ಈರುಳ್ಳಿ, ನಿಪ್ಪಟ್ಟು ಎಲ್ಲ ಕಣ್ಣೆದುರೇ ಕಟ್ಟಿಕೊಡುತ್ತಾರೆ. ಕಟ್ಟಿಕೊಟ್ಟ ಎರಡು ನಿಮಿಷದೊಳಗೆ, ಅಲ್ಲೇ ಫುಟ್‌ಪಾತಿನ ಮೇಲೆ ನಿಂತು ಮುಗಿಸಿ. ಆಮೇಲೆ ನಿಪ್ಪಟ್ಟು ಮೆತ್ತಗಾಗುತ್ತದೆ.